ಇಂಡೀ ಗೇಮ್‌ನ ಸ್ಟೀಮ್ ಕವರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಬ್ಬನೇ ಕೂತು ಸಣ್ಣ ಕಂಪ್ಯೂಟರ್ ಆಟಗಳನ್ನು, ಅಂದರೆ ಇಂಡೀ ಗೇಮ್‌ಗಳನ್ನು ಮಾಡುವವನು. ನನ್ನ ಮೊದಲ ಆಟಕ್ಕೆ ಎರಡು ಸಲ ಕವರ್ ಮಾಡಿಸಬೇಕಾಯಿತು. ಮೊದಲನೆಯದು ನೋಡಲು ಚೆಂದ ಇತ್ತು, ಕೆಲಸಕ್ಕೆ ಬರಲಿಲ್ಲ. ಆ ಕಥೆ ಅಲ್ಲಿ ಇಲ್ಲಿ ಹೇಳಿಕೊಂಡ ಮೇಲೆ ಆಟ ಮಾಡುವ ಗೆಳೆಯರು, ಅವರ ಗೆಳೆಯರು, ಪರಿಚಯವೇ ಇಲ್ಲದ ಕಾಲೇಜು ಹುಡುಗರು ಎಲ್ಲ ಮೆಸೇಜ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ಬಗ್ಗೆಯೇ ಜಾಸ್ತಿ ಇದೆ, ಯಾಕೆಂದರೆ ಕಂಪ್ಯೂಟರ್ ಆಟ ಮಾರಲು ಹೊರಟವರು ಸುತ್ತಿ ಬಳಸಿ ಬಂದು ನಿಲ್ಲುವುದು ಅಲ್ಲೇ.

## ಈಗಷ್ಟೇ ಶುರು ಮಾಡುವವರಿಗೆ

ಕ್ಯಾಪ್ಸೂಲ್ ಅಂದ್ರೆ ಏನು? ಕವರ್, ಬ್ಯಾನರ್, ಥಂಬ್‌ನೇಲ್ ಎಲ್ಲ ಒಂದೇನಾ?

ಅಂಗಡಿಯಲ್ಲಿ ನಿಮ್ಮ ಆಟದ ಗುರುತಾಗಿ ಕಾಣುವ ಚಿತ್ರಕ್ಕೆ ಸ್ಟೀಮ್ ಇಟ್ಟಿರುವ ಹೆಸರು ಕ್ಯಾಪ್ಸೂಲ್. ಒಂದು ಚಿತ್ರ, ಅದರ ಮೇಲೆ ಆಟದ ಹೆಸರು, ಅಷ್ಟೇ. ಆದರೆ ಇದು ಒಂದೇ ಫೈಲ್ ಅಲ್ಲ. ಅಡ್ಡ, ಉದ್ದ, ಪುಟ್ಟದು, ದೊಡ್ಡದು ಅಂತ ಬೇರೆ ಬೇರೆ ಆಕಾರದಲ್ಲಿ ಕೊಡಬೇಕು. ಮಾತಿಗೆ ಎಲ್ಲವನ್ನೂ ಸೇರಿಸಿ ಕವರ್ ಅನ್ನುತ್ತೇವೆ. ಸ್ಕ್ರೀನ್‌ಶಾಟ್, ಟ್ರೇಲರ್ ಬೇರೆ. ಅವು ಹೆಚ್ಚಾಗಿ ಕಾಣುವುದು ಕವರ್ ಮೇಲೆ ಕ್ಲಿಕ್ ಆದ ಮೇಲೆ.

ಆಟ ಚೆನ್ನಾಗಿದ್ರೆ ಸಾಕಲ್ವಾ? ಒಂದು ಚಿತ್ರಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ?

ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿ ನೆನಪು ಮಾಡಿಕೊಳ್ಳಿ. ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದ ಪತ್ರಿಕೆಗಳು. ಬಸ್ ಹೊರಡಲು ಎರಡೇ ನಿಮಿಷ. ಒಳಗಿನ ಕಥೆ ಹೇಗಿದೆ ಅಂತ ತೆಗೆದು ಓದಲು ಪುರುಸೊತ್ತಿಲ್ಲ, ಓದಲು ಹೋದರೆ ಅಂಗಡಿಯವನು ಸುಮ್ಮನಿರುವುದೂ ಇಲ್ಲ. ಮುಖಪುಟ ನೋಡಿ ಕೈ ಹಾಕುತ್ತೀರಿ.

ಸ್ಟೀಮ್‌ನ ಹುಡುಕಾಟದ ಪಟ್ಟಿ ಹೀಗೇ ಇರುತ್ತದೆ. ಅಲ್ಲಿ ನಿಮ್ಮ ಆಟದ ಬಗ್ಗೆ ಮುಖ್ಯವಾಗಿ ಕಾಣುವುದು ಒಂದು ಪುಟ್ಟ ಚಿತ್ರ, ಹೆಸರು, ಬಿಡುಗಡೆಯ ದಿನ, ಬೆಲೆ. ಮೂರು ವರ್ಷ ಬರೆದ ಕೋಡ್, ಮಾಡಿದ ಲೆವೆಲ್ ಯಾವುದೂ ಅಲ್ಲಿ ಕಾಣುವುದಿಲ್ಲ. ಹಾಗಂತ ಕವರ್ ಒಂದೇ ಆಟವನ್ನು ಗೆಲ್ಲಿಸುವುದಿಲ್ಲ. ಸ್ಲೇ ದ ಸ್ಪೈರ್‌ನ ಕವರ್ ನನಗೆ ಯಾವತ್ತೂ ಚೆಂದ ಅನಿಸಿಲ್ಲ, ಆ ಆಟವನ್ನು ಆಡಿದವರೇ ಊರಿಗೆಲ್ಲ ಹೇಳಿದರು. ನಿಮ್ಮ ಆಟವೂ ಅಷ್ಟು ಚೆನ್ನಾಗಿದೆ ಅಂತ ಖಾತ್ರಿ ಇದ್ದರೆ ಮುಂದೆ ಓದಬೇಕಾಗಿಲ್ಲ.

ಯಾವ್ಯಾವ ಸೈಜ್ ಬೇಕು, ಒಂದ್ಸಲ ಹೇಳ್ಬಿಡಿ

ಅಂಗಡಿಗೆ ನಾಲ್ಕು (ಅಳತೆ ಪಿಕ್ಸೆಲ್‌ನಲ್ಲಿ, ಅಗಲ×ಎತ್ತರ). ಹೆಡರ್ ಕ್ಯಾಪ್ಸೂಲ್ 920×430, ಇದು ನಿಮ್ಮ ಆಟದ ಪುಟದ ಮೇಲ್ಗಡೆ ಮತ್ತು ಶಿಫಾರಸುಗಳಲ್ಲಿ ಬರುತ್ತದೆ. ಸ್ಮಾಲ್ ಕ್ಯಾಪ್ಸೂಲ್ 462×174, ಇದು ಪಟ್ಟಿಗಳಿಗೆ. ಮೇನ್ ಕ್ಯಾಪ್ಸೂಲ್ 1232×706, ಇದು ಮುಖಪುಟದಲ್ಲಿ ದೊಡ್ಡದಾಗಿ ಓಡುವ ಸಾಲಿಗೆ. ವರ್ಟಿಕಲ್ 748×896, ಇದು ಸೇಲ್ ಪುಟಗಳಿಗೆ.

ಕೊಂಡವರ ಲೈಬ್ರರಿಗೆ ಇನ್ನಷ್ಟು: 600×900 ಕ್ಯಾಪ್ಸೂಲ್, 920×430 ಹೆಡರ್, 3840×1240 ಹೀರೋ (ಲೈಬ್ರರಿಯಲ್ಲಿ ಆಟದ ಪುಟದ ಮೇಲ್ಗಡೆ ಬರುವ ಅಗಲ ಚಿತ್ರ), ಮತ್ತೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಲೋಗೊ. ಹೀರೋ ಚಿತ್ರದಲ್ಲಿ ಅಕ್ಷರ ಇರಬಾರದು, ಲೋಗೊವನ್ನು ಸ್ಟೀಮ್ ಅದರ ಮೇಲೆ ಕೂರಿಸುತ್ತದೆ. ಕಿಟಕಿ ಚಿಕ್ಕದಾದಾಗ ಹೀರೋದ ಅಂಚುಗಳು ಕತ್ತರಿಸಿ ಹೋಗುತ್ತವೆ, ಹಾಗಾಗಿ ಮುಖ್ಯವಾದದ್ದನ್ನು ನಡುವಿನ 860×380 ಜಾಗದೊಳಗೆ ಇಡಿ. ಎಲ್ಲೋ 460×215, 616×353 ಅಂತ ಓದಿದ್ದರೆ ಅದು ಹಳೇ ಅಳತೆ. ಈಗಿನದು ಅದರ ಎರಡರಷ್ಟು.

ಒಂದು ದೊಡ್ಡ ಚಿತ್ರ ಮಾಡಿ ಎಲ್ಲ ಸೈಜಿಗೂ ಕತ್ತರಿಸುತ್ತೇನೆ ಅಂತ ಹೊರಡಬೇಡಿ. ಅಡ್ಡ ಚಿತ್ರದಲ್ಲಿ ಪಕ್ಕಪಕ್ಕ ನಿಂತವರು ಉದ್ದ ಚಿತ್ರದಲ್ಲಿ ಮೇಲೆ ಕೆಳಗೆ ನಿಲ್ಲಬೇಕಾಗುತ್ತದೆ. ಪಾತ್ರ, ಹಿನ್ನೆಲೆ, ಹೆಸರು ಮೂರನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಟ್ಟುಕೊಂಡು ಪ್ರತಿ ಸೈಜಿಗೂ ಹೊಸದಾಗಿ ಜೋಡಿಸಿ. ಸ್ಮಾಲ್ ಕ್ಯಾಪ್ಸೂಲ್‌ನಲ್ಲಂತೂ ಹೆಸರೇ ಹೆಚ್ಚುಕಮ್ಮಿ ಪೂರ್ತಿ ಜಾಗ ತುಂಬಬೇಕು, ಚಿತ್ರ ಅದರ ಹಿಂದೆ ಇಣುಕಿದರೆ ಸಾಕು.

ಆಟದ ಸ್ಕ್ರೀನ್‌ಶಾಟ್ ಮೇಲೆ ಹೆಸರು ಬರೆದು ಹಾಕಿದ್ರೆ ಆಗಲ್ವಾ?

ಬೇಡ. ಸ್ಕ್ರೀನ್‌ಶಾಟ್ ಇರುವುದು ಪೂರ್ತಿ ಪರದೆಯಲ್ಲಿ ಆಡುವವರಿಗೆ. ಅದರಲ್ಲಿ ಹತ್ತಾರು ಸಣ್ಣ ವಸ್ತುಗಳು, ಮೂಲೆಯಲ್ಲಿ ಆರೋಗ್ಯದ ಪಟ್ಟಿ, ಅಂಕಗಳು ಎಲ್ಲ ಇರುತ್ತವೆ. ಕುಗ್ಗಿಸಿದರೆ ಚಿತ್ರಾನ್ನ. ಜೊತೆಗೆ ನೋಡಿದವರಿಗೆ ‘ಇವನು ಕವರಿಗೇ ಕಷ್ಟಪಟ್ಟಿಲ್ಲ, ಆಟಕ್ಕೆ ಏನು ಪಟ್ಟಿರುತ್ತಾನೆ’ ಅನಿಸುತ್ತದೆ. ಅನ್ಯಾಯ ಇರಬಹುದು, ಆದರೆ ನಾನೂ ಹಾಗೇ ಅಂದುಕೊಂಡು ಮುಂದೆ ಹೋಗುತ್ತೇನೆ.

## ಚಿತ್ರ, ಬಣ್ಣ, ಅಕ್ಷರ

ಕವರ್ ಮೇಲೆ ಏನಿರ್ಬೇಕು? ಹೀರೋನಾ, ಜಾಗನಾ, ವಿಲನ್ನಾ?

ಎಲ್ಲರೂ ಕೇಳುವುದು ಇದನ್ನೇ, ನಾನು ಎಡವಿದ್ದೂ ಇಲ್ಲೇ.

ನನ್ನ ಆಟ ಮಲೆನಾಡಿನ ಅಡಿಕೆ ತೋಟದಲ್ಲಿ ನಡೆಯುತ್ತದೆ. ರಾತ್ರಿ ಕಾಡುಹಂದಿಗಳು ನುಗ್ಗುತ್ತವೆ. ಬೇಲಿ ಕಟ್ಟಬೇಕು, ಡಬ್ಬ ಬಡಿಯಬೇಕು, ಬ್ಯಾಟರಿ ಹಿಡಿದು ಓಡಿಸಬೇಕು. ಗಡಿಬಿಡಿಯ ಆಟ. ಮೊದಲ ಕವರ್‌ನಲ್ಲಿ ಏನಿತ್ತು ಗೊತ್ತಾ? ಬೆಳಗಿನ ಮಂಜು, ಸಾಲು ಅಡಿಕೆ ಮರಗಳು, ದೂರದಲ್ಲಿ ಹೆಂಚಿನ ಮನೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಪುಟ್ಟ ಮನುಷ್ಯ. ನನಗೆ ಅದನ್ನು ನೋಡಿದರೆ ಊರು ನೆನಪಾಗುತ್ತಿತ್ತು. ಕೊಂಡವರು ನೆಮ್ಮದಿಯ ತೋಟಗಾರಿಕೆ ಆಟ ಅಂದುಕೊಂಡು ಕೊಂಡರು. ಹತ್ತನೇ ನಿಮಿಷಕ್ಕೆ ಹಂದಿ ಬಂದು ತೋಟ ಹಾಳು ಮಾಡಿದಾಗ ಸಿಟ್ಟು ಬಂತು. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೇಳಿದರು. ಇನ್ನೊಂದು ಕಡೆ, ಇಂಥ ಗಡಿಬಿಡಿಯ ಆಟ ಇಷ್ಟಪಡುವವರು ಮಂಜು ನೋಡಿ ಬಾಗಿಲಿಗೇ ಬರಲಿಲ್ಲ.

ಎರಡನೇ ಕವರ್‌ನಲ್ಲಿ ಕತ್ತಲೆ. ಬೆನ್ನು ತಿರುಗಿಸಿ ನಿಂತ ಮನುಷ್ಯ, ಅವನ ಕೈಯಿಂದ ಹೊರಟ ಹಳದಿ ಬೆಳಕಿನ ಕೋಲು, ಅದರ ತುದಿಯಲ್ಲಿ ಹೊಳೆಯುವ ಎರಡು ಕೆಂಪು ಕಣ್ಣು. ಖುಷಿಯಾಗಿ ಊರಿನ ಹಿರಿಯರೊಬ್ಬರಿಗೆ ತೋರಿಸಿದೆ. ‘ಹಂದಿ ಕಣ್ಣು ಹಾಗೆ ಹೊಳೆಯಲ್ಲ ಮಾರಾಯ, ಅದು ನಾಯಿಗೋ ದನಕ್ಕೋ ಸರಿ’ ಅಂದರು. ನೋಡಿದರೆ ನಿಜ, ಬೆಕ್ಕು, ದನದ ಕಣ್ಣಿನ ಹಿಂದೆ ಇರುವಂಥ ಹೊಳೆಯುವ ಪದರ ಹಂದಿಗೆ ಇಲ್ಲ. ಕಣ್ಣು ತೆಗೆದು ಕೋರೆಹಲ್ಲು ಬರೆಸಿದೆವು. ಬೆಳಕಿಗೆ ಬಿಳಿಯಾಗಿ ಬಾಗಿದ ಎರಡು ಗೆರೆ. ಕಣ್ಣಿಗಿಂತ ಅದೇ ಚೆನ್ನಾಗಿ ಕಂಡಿತು. ಕೆಂಪು ಕಣ್ಣಾದರೆ ಯಾವುದೋ ದೆವ್ವದ ಆಟ ಅನ್ನಿಸುತ್ತಿತ್ತು, ಕೋರೆ ನೋಡಿದರೆ ಹಂದಿಯೇ.

ಹೀಗಾಗಿ ಹೀರೋನೋ ಜಾಗವೋ ಅಂತ ಯೋಚಿಸುವ ಮೊದಲು ಒಂದು ಕೇಳಿಕೊಳ್ಳಿ: ಆಡುವವನು ಹೆಚ್ಚು ಹೊತ್ತು ಏನು ಮಾಡುತ್ತಿರುತ್ತಾನೆ, ಆಗ ಅವನಿಗೆ ಏನನ್ನಿಸುತ್ತಿರುತ್ತದೆ? ಅದು ಚಿತ್ರದಲ್ಲಿ ಬರಬೇಕು. ನಿಮಗೆ ಆಟದ ಬಗ್ಗೆ ಪ್ರೀತಿ ಇರುವ ಜಾಗ ಬೇರೆಯೇ ಇರಬಹುದು. ಅದನ್ನು ಲೈಬ್ರರಿಯ ಹೀರೋ ಚಿತ್ರಕ್ಕೆ ಇಟ್ಟುಕೊಳ್ಳಿ. ನನ್ನ ಮಂಜಿನ ತೋಟ ಈಗ ಅಲ್ಲೇ ಇದೆ.

ಸಣ್ಣದಾಗಿ ಕಂಡಾಗಲೂ ಚೆನ್ನಾಗಿದ್ಯಾ ಅಂತ ಹೇಗೆ ನೋಡೋದು?

ಸ್ಮಾಲ್ ಕ್ಯಾಪ್ಸೂಲನ್ನು ಸ್ಟೀಮ್ ತಾನೇ 184×69 ಮತ್ತು 120×45ಕ್ಕೂ ಕುಗ್ಗಿಸಿಕೊಳ್ಳುತ್ತದೆ. 120×45 ಅಂದರೆ ಮಾಮೂಲಿ ಮಾನಿಟರ್ ಮೇಲೆ ಎರಡು ಹೆಬ್ಬೆಟ್ಟಿನ ಉಗುರು ಪಕ್ಕಪಕ್ಕ ಇಟ್ಟಷ್ಟು ಜಾಗ. ಕೆಲಸ ಅಲ್ಲಿಂದ ಶುರು ಮಾಡಿ. ಮೊದಲು ಆ ಅಳತೆಯಲ್ಲಿ ಬರೀ ಮೂರು ಬಣ್ಣದ ತೇಪೆ ಹಾಕಿ ಇಪ್ಪತ್ತು ಕರಡು ಮಾಡಿ, ಅದರಲ್ಲಿ ಗೆದ್ದದ್ದನ್ನು ದೊಡ್ಡದು ಮಾಡಿ.

ಬಯಲಾಟದಲ್ಲಿ ಹಿಂದೆ ಕೂತವರಿಗೆ ವೇಷಧಾರಿಯ ಮುಖ ಕಾಣುವುದಿಲ್ಲ. ಆದರೂ ತಲೆಯ ಮೇಲಿನ ಆಕಾರ ನೋಡಿಯೇ ರಾಜನೋ ರಕ್ಕಸನೋ ಅಂತ ಗೊತ್ತಾಗುತ್ತದೆ. ನಿಮ್ಮ ಪಾತ್ರವನ್ನು ಪೂರ್ತಿ ಕಪ್ಪು ಬಳಿದು ನೋಡಿ. ಆಗಲೂ ಯಾರು ಅಂತ ಗೊತ್ತಾದರೆ ಸರಿ. ಹಾಲೋ ನೈಟ್ ಆಟದ ಆ ಕೊಂಬಿನ ಮುಖವಾಡ ನೋಡಿ, ಉಗುರಿನಷ್ಟು ಆದರೂ ಅದೇ ಅಂತ ಹೇಳಬಹುದು.

ಆಮೇಲೆ ಸ್ಟೀಮ್ ಹುಡುಕಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದು, ಯಾವುದಾದರೂ ಒಂದು ಆಟದ ಕವರ್ ಜಾಗದಲ್ಲಿ ನಿಮ್ಮದನ್ನು ಅಂಟಿಸಿ. ಮನೆಯಲ್ಲಿ ಯಾರಿಗಾದರೂ ಎರಡು ಸೆಕೆಂಡ್ ತೋರಿಸಿ ಫೋನ್ ಮುಚ್ಚಿ. ‘ಚೆನ್ನಾಗಿದ್ಯಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಇದು ಎಂಥ ಆಟ ಇರಬಹುದು’ ಅಂತ ಕೇಳಿ. ನನ್ನ ಮೊದಲ ಕವರ್ ನೋಡಿ ಅಕ್ಕ ‘ಭಾವಗೀತೆ ಆ್ಯಪ್ಪಾ?’ ಅಂದಿದ್ದಳು. ಅವತ್ತೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಯಾವ ಬಣ್ಣ ಎದ್ದು ಕಾಣತ್ತೆ?

ಸ್ಟೀಮ್‌ನ ಗೋಡೆಯೇ ಕಡು ನೀಲಿ. ನಿಮ್ಮ ಕವರ್‌ನ ಅಂಚೂ ಕಡು ನೀಲಿ ಆದರೆ ಚಿತ್ರ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ರಾತ್ರಿಯ ದೃಶ್ಯ ಬೇಕೇ ಬೇಕು ಅಂದರೆ ಒಂದು ಬಿಸಿ ಬಣ್ಣದ ಬೆಳಕು ಇಡಿ. ಕಣ್ಣು ಮೊದಲು ಹೋಗುವುದು ಬಣ್ಣಕ್ಕಿಂತ ಬೆಳಕು-ಕತ್ತಲೆಯ ಗಡಿಗೆ, ಆದ್ದರಿಂದ ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲ ಒಂದೇ ಬೂದಿ ಆದರೆ ಎಷ್ಟು ಬಣ್ಣ ಸುರಿದರೂ ವ್ಯರ್ಥ. ಬಲಾಟ್ರೋ ಆಟದ ಕೆಂಪು-ನೀಲಿ ಸುಳಿ ನೋಡಿದ್ದೀರಲ್ಲ? ಎರಡು ಬಣ್ಣ, ಮುಗೀತು. ಆಟದೊಳಗೂ ಅದೇ ಸುಳಿ.

ಇನ್ನೊಂದು ಸಣ್ಣ ವಿಷಯ. ನೋಡುವವರು ಆಟವನ್ನು ವಿಶ್‌ಲಿಸ್ಟಿಗೆ ಹಾಕಿದ್ದರೆ ಅಥವಾ ಕೊಂಡಿದ್ದರೆ ಕವರ್‌ನ ಎಡ ಮೇಲ್ಮೂಲೆಯಲ್ಲಿ ಸ್ಟೀಮ್ ಒಂದು ಪಟ್ಟಿ ಅಂಟಿಸುತ್ತದೆ. ಹೆಸರಿನ ಮೊದಲ ಅಕ್ಷರವನ್ನು ಅಲ್ಲಿಗೆ ತುರುಕಬೇಡಿ.

ನನ್ನದು ಪಿಕ್ಸೆಲ್ ಆರ್ಟ್ ಆಟ. ಕವರೂ ಪಿಕ್ಸೆಲ್ಲೇ ಇರ್ಬೇಕಾ? ಪೇಂಟಿಂಗ್ ಹಾಕಿದ್ರೆ ಮೋಸ ಅಲ್ವಾ?

ಮೋಸ ಅಲ್ಲ. 2018ರ ಸೆಲೆಸ್ಟ್ ಆಟದೊಳಗೆ ಪಿಕ್ಸೆಲ್, ಅಂದರೆ ಚೌಕ ಚೌಕದ ಚಿತ್ರ, ಕವರ್ ಮೇಲೆ ಬರೆದ ಚಿತ್ರ. ಯಾರೂ ಬೈಯಲಿಲ್ಲ, ಯಾಕೆಂದರೆ ಎರಡರಲ್ಲೂ ಹುಡುಗಿ ಅವಳೇ, ಬೆಟ್ಟ ಅದೇ. ಆಟದಲ್ಲಿ ಇಲ್ಲದ ವೈಭವ ತೋರಿಸಿದರೆ ಮಾತ್ರ ಮೋಸ.

ಪಿಕ್ಸೆಲ್ಲನ್ನೇ ಇಡುತ್ತೀರಿ ಅಂದರೆ ಒಂದು ತೊಂದರೆ ಗೊತ್ತಿರಲಿ. 462 ಅಗಲದ ಚಿತ್ರ 184ಕ್ಕೆ, 120ಕ್ಕೆ ಕುಗ್ಗುವಾಗ ಸರಿಯಾಗಿ ಭಾಗವಾಗುವುದಿಲ್ಲ, ಚೌಕಗಳೆಲ್ಲ ಕಲಸಿ ಮಸುಕಾಗುತ್ತವೆ. ಹಾಗಾಗಿ ಪಾತ್ರವನ್ನು ಪೂರ್ತಿ ತೋರಿಸದೆ ಮುಖ ಮಾತ್ರ ದೊಡ್ಡ ದೊಡ್ಡ ಚೌಕಗಳಲ್ಲಿ ತೋರಿಸಿ.

ಫಾಂಟ್ ಯಾವುದು ಹಾಕ್ಲಿ?

ದಪ್ಪ ಇರಲಿ, ಅಕ್ಷರದೊಳಗಿನ ಖಾಲಿ ಜಾಗ ದೊಡ್ಡದಿರಲಿ. ಹೆಸರು ಉದ್ದ ಇದ್ದರೆ ಎರಡು ಸಾಲು ಮಾಡಿ. ಹೆಸರಿನ ಹಿಂದೆ ಚಿತ್ರ ಗಿಜಿಗಿಜಿ ಇದ್ದರೆ ನೆರಳು, ಹೊರಗೆರೆ ಅಂತ ಒದ್ದಾಡುವ ಬದಲು ಅಲ್ಲಿ ಚಿತ್ರವನ್ನೇ ಖಾಲಿ ಬಿಡಿ. ಪುಕ್ಕಟೆ ಸಿಕ್ಕ ಫಾಂಟಿನ ಲೈಸೆನ್ಸ್ ಓದಿ, ಸುಮಾರು ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಪುಕ್ಕಟೆ. ಓಪನ್ ಫಾಂಟ್ ಲೈಸೆನ್ಸ್ ಇರುವುದನ್ನು ತೆಗೆದುಕೊಂಡರೆ ಮಾರುವ ಆಟಕ್ಕೂ ತಲೆನೋವಿಲ್ಲ. ಆಮೇಲೆ ಒಂದೆರಡು ಅಕ್ಷರ ಕೈಯಲ್ಲಿ ತಿದ್ದಿ, ಅಷ್ಟಕ್ಕೇ ಲೋಗೊ ನಿಮ್ಮದು ಅನಿಸುತ್ತದೆ.

ಹೆಸರನ್ನ ಕನ್ನಡದಲ್ಲೇ ಬರೀಬೇಕು ಅಂತ ಆಸೆ. ಆಗತ್ತಾ?

ಆಸೆ ನನಗೂ ಇತ್ತು. ಆದರೆ ಕನ್ನಡ ಅಕ್ಷರಕ್ಕೆ ಎತ್ತರ ಬೇಕು. ‘ಮುಸ್ಸಂಜೆ’ ಅಂತ ಒಂದು ಹೆಸರು ಇಟ್ಟುಕೊಳ್ಳಿ. 45 ಪಿಕ್ಸೆಲ್ ಎತ್ತರದಲ್ಲಿ ಅಂಚಿಗೆ ಐದೈದು ಬಿಟ್ಟರೆ ಉಳಿಯುವುದು 35. ಮೇಲೆ ‘ಜೆ’ಯ ಎತ್ವ, ಕೆಳಗೆ ಸಕಾರದ ಒತ್ತು, ನಡುವಿನ ಅಕ್ಷರದ ಮೈಗೆ ಸಿಗುವುದು ಸುಮಾರು ಅರ್ಧ. ಒತ್ತು ಒಂದು ಚುಕ್ಕೆಯ ಹಾಗೆ ಕಾಣುತ್ತದೆ, ಸೊನ್ನೆ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅದೇ ‘ಇರುಳು’, ‘ಗಾಳಿ’ ಥರ ಒತ್ತಿಲ್ಲದ ಹೆಸರಾದರೆ ಎಷ್ಟೋ ವಾಸಿ.

ನಾನು ಮಾಡಿದ್ದು ಹೀಗೆ: ಸಣ್ಣ ಅಳತೆಗಳಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ, ಆಟದೊಳಗಿನ ಮೊದಲ ಪರದೆಯಲ್ಲಿ ಕನ್ನಡ ದೊಡ್ಡದಾಗಿ. ಬ್ರೆಜಿಲ್‌ನಲ್ಲಿ ಕೂತವನೂ ಹೆಸರು ಓದಿ ಗೆಳೆಯನಿಗೆ ಹೇಳಬೇಕಲ್ಲ. ಬರೀ ಕನ್ನಡಿಗರಿಗೇ ಮಾಡಿದ ಆಟವಾದರೆ ಧೈರ್ಯವಾಗಿ ಕನ್ನಡದಲ್ಲೇ ಹಾಕಿ, ದಪ್ಪ ಫಾಂಟ್ ಬೇಕಿದ್ದರೆ ಬಾಲೂ ತಮ್ಮ ನೋಡಿ.

ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಪಕ್ಕಪಕ್ಕ ಬಂದರೆ ಫಾಂಟಿನ ತಪ್ಪಲ್ಲ, ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್ ರೆಡಿ’ ಅಂತ ಇರುವ ಆಯ್ಕೆ ಆರಿಸಿ. ಆಟದೊಳಗೆ ಇದೇ ಗೋಳು ಆಟ ಕಟ್ಟುವ ತಂತ್ರಾಂಶ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋದಲ್ಲೂ ಇದೆ. ಅದೇ ಥರದ ಗೊಡೊ 4 ಆದರೆ ಕನ್ನಡವನ್ನು ತಾನಾಗಿ ಸರಿಯಾಗಿ ಜೋಡಿಸುತ್ತದೆ. ಕವರ್‌ಗಾದರೆ ಹೆಸರು ಹೇಗೂ ಚಿತ್ರವಾಗಿಯೇ ಹೋಗುತ್ತದೆ, ಬಿಡಿ.

ನಮ್ಮದು ಪುರಾಣದ ಕಥೆ. ಕವರ್ ಮೇಲೆ ದೇವರು, ಯಕ್ಷಗಾನದ ವೇಷ ಹಾಕ್ಬಹುದಾ?

ಹಾಕಬಹುದು, ಆದರೆ ಅದೊಂದೇ ಸಾಲದು. ಹೊರಗಿನವರಿಗೆ ಆ ದೇವರು ಯಾರು ಅಂತ ಗೊತ್ತಿಲ್ಲ, ನಮ್ಮವರಿಗೆ ಪ್ರಶಾಂತವಾಗಿ ನಿಂತ ದೇವರ ಚಿತ್ರ ಕಂಡರೆ ಪಂಚಾಂಗದ ಆ್ಯಪ್ ಅನ್ನಿಸುತ್ತದೆ. ಪಾತ್ರ ಏನೋ ಮಾಡುತ್ತಿರಬೇಕು. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ ಆಟದ ಹೆಸರು ಬರೀ ‘ರಾಜಿ’ ಅಲ್ಲ, ಜೊತೆಗೆ ‘ಆ್ಯನ್ ಏನ್ಷಿಯಂಟ್ ಎಪಿಕ್’ ಅಂತ ಬಾಲ ಇದೆ. ರಾಜಿ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೂ ಆ ಬಾಲದಿಂದ ಅಂದಾಜು ಸಿಗುತ್ತದೆ. ಅಧಿಕೃತ ಉಪಶೀರ್ಷಿಕೆಗೆ ಕವರ್ ಮೇಲೆ ಜಾಗ ಇದೆ, ಬಳಸಿಕೊಳ್ಳಿ.

ಯಕ್ಷಗಾನದ ವೇಷ ತರುವುದಾದರೆ ಬಡಗು-ತೆಂಕು ಶೈಲಿಗಳನ್ನು ಬೆರೆಸಬೇಡಿ. ಬಡಗಿನ ತಲೆಯುಡುಗೆ ಕೇದಗೆ ಮುಂದಲೆ ಕಟ್ಟಿದವನಿಗೆ ತೆಂಕಿನ ಉಡುಗೆ ತೊಡಿಸಿದರೆ ಕರಾವಳಿಯವರು ಮೊದಲು ಕಂಡುಹಿಡಿಯುವುದೇ ಅದನ್ನು, ಆಟದ ಮಾತು ಆಮೇಲೆ.

## ನಿಯಮ, ದುಡ್ಡು, ಕಲಾವಿದರು

ಪ್ರಶಸ್ತಿ ಬಂದಿದೆ, ‘10ಕ್ಕೆ 9’ ಅಂತ ವಿಮರ್ಶೆಯೂ ಇದೆ. ಕವರ್ ಮೇಲೆ ಹಾಕ್ಲಾ?

ಹಾಕುವಂತಿಲ್ಲ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಕವರ್ ಮೇಲೆ ಆಟದ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಇರಬಾರದು. ವಿಮರ್ಶೆಯ ಅಂಕ, ಪ್ರಶಸ್ತಿ, ‘ಅರ್ಧ ಬೆಲೆ’, ‘ಈಗ ಬಿಡುಗಡೆ’ ಯಾವುದೂ ಇಲ್ಲ. ಒಂದು ರಿಯಾಯಿತಿ ಇದೆ: ದೊಡ್ಡ ಅಪ್‌ಡೇಟ್ ತಂದಾಗ ಅದರ ಬಗ್ಗೆ ಬರೆದ ತಾತ್ಕಾಲಿಕ ಕವರನ್ನು ಒಂದು ತಿಂಗಳವರೆಗೆ ಹಾಕಿಕೊಳ್ಳಬಹುದು. ಈ ನಿಯಮ ಬಂದದ್ದು ನನಗೆ ಖುಷಿ. ಅದಕ್ಕೂ ಮುಂಚೆ ಕೆಲವು ಕವರ್‌ಗಳು ಚುನಾವಣೆಯ ಫ್ಲೆಕ್ಸ್ ಥರ ಆಗಿದ್ದವು.

ಆರ್ಟಿಸ್ಟ್‌ಗೆ ಏನಂತ ಹೇಳ್ಬೇಕು? ‘ಚೆನ್ನಾಗಿ ಮಾಡಿ’ ಅಂದ್ರೆ ಸಾಕಾ?

ಸಾಲದು. ನಾನು ಅಷ್ಟೇ ಹೇಳಿದ್ದೆ, ಎರಡು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಕೊಟ್ಟಿದ್ದೆ. ಕೈಗೆ ಬಂದದ್ದು ಲೇಯರ್ ಇಲ್ಲದ ಒಂದು ಜೆಪಿಜಿ, ಹೆಸರು ಚಿತ್ರಕ್ಕೇ ಅಂಟಿಕೊಂಡಿತ್ತು, ಅದೂ ಹಳೇ ಅಳತೆ. ಉದ್ದ ಕವರ್ ಮಾಡಲು ಹೋದರೆ ಮನುಷ್ಯನ ಕಾಲು ಇಲ್ಲ. ಬೈಯೋಣ ಅಂದರೆ ನಾನೇ ಏನೂ ಬರೆದು ಕೊಟ್ಟಿರಲಿಲ್ಲ.

ಮೊದಲ ದಿನವೇ ಬರೆದು ಕೊಡಿ. ಆಟ ಎಂಥದ್ದು ಅಂತ ಒಂದು ಸಾಲು, ಆಡುವ ವಿಡಿಯೋ ಎರಡು ನಿಮಿಷ, ಇದೇ ಜಾತಿಯ ಆರೇಳು ಆಟಗಳ ಕವರ್, ಬೇಕಾದ ಎಲ್ಲ ಅಳತೆಗಳು, ಲೇಯರ್ ಇರುವ ಮೂಲ ಫೈಲ್, ಲೋಗೊ ಪ್ರತ್ಯೇಕ. ಕರಡನ್ನು ಮೊದಲು 120 ಪಿಕ್ಸೆಲ್‌ನಲ್ಲೇ ತೋರಿಸಿ ಅಂತ ಕೇಳಿ. ತಿದ್ದುಪಡಿ ಎಷ್ಟು ಸುತ್ತು ಅಂತ ಮೊದಲೇ ಮಾತಾಡಿ. ಆಮೇಲೆ ಅವರ ಪಾಡಿಗೆ ಬಿಡಿ. ದಿನಕ್ಕೆ ಮೂರು ಸಲ ‘ಸ್ವಲ್ಪ ಎಡಕ್ಕೆ’ ಅಂತ ಮೆಸೇಜ್ ಮಾಡಿದರೆ ಯಾವ ಕಲಾವಿದನ ಕೈಯೂ ಓಡುವುದಿಲ್ಲ. ಲೋಗೊವನ್ನು ಬೇರೆಯವರ ಹತ್ತಿರ ಮಾಡಿಸಿದರೂ ತಪ್ಪಿಲ್ಲ, ಚಿತ್ರ ಚೆನ್ನಾಗಿ ಬರೆಯುವ ಎಷ್ಟೋ ಜನರಿಗೆ ಅಕ್ಷರ ಒಲಿಯುವುದಿಲ್ಲ.

ದುಡ್ಡು ಕೊಟ್ಟಾಯ್ತಲ್ಲ, ಇನ್ನು ಚಿತ್ರ ನನ್ನದೇ ತಾನೆ?

ಕಾಗದದ ಮೇಲೆ ಬರೆದು ಸಹಿ ಆಗಿದ್ದರೆ ನಿಶ್ಚಿಂತೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ ಇರಬೇಕು. ಅದರಲ್ಲಿ ಎಷ್ಟು ಕಾಲ ಅಂತ ಹೇಳದಿದ್ದರೆ 5 ವರ್ಷ ಅಂತ ಲೆಕ್ಕ, ಯಾವ ಪ್ರದೇಶ ಅಂತ ಹೇಳದಿದ್ದರೆ ಭಾರತ ಮಾತ್ರ. ಸ್ಟೀಮ್‌ನಲ್ಲಿ ಮಾರುವುದು ಜಗತ್ತಿಗೆಲ್ಲ. ಹಾಗಾಗಿ ‘ಜಗತ್ತಿನಾದ್ಯಂತ, ಕಾಪಿರೈಟ್ ಇರುವಷ್ಟು ಕಾಲ’ ಅನ್ನುವ ಒಂದು ಸಾಲು ಸೇರಿಸಿ. ಟೀಶರ್ಟ್, ಪೋಸ್ಟರ್ ಮಾರುವ ಯೋಚನೆ ಇದ್ದರೆ ಅದನ್ನೂ ಬರೆಯಿರಿ. ಕಲಾವಿದರು ತಮ್ಮ ಪೋರ್ಟ್‌ಫೋಲಿಯೋದಲ್ಲಿ ಹಾಕಿಕೊಳ್ಳಲು ಬಿಡಿ, ಅದರಿಂದ ನಿಮಗೇ ಪ್ರಚಾರ.

ಎಐ ಹತ್ರ ಮಾಡಿಸ್ಬಿಟ್ರೆ?

2024ರ ಜನವರಿಯಿಂದ ಆಟದಲ್ಲಿ ಎಐ ಬಳಸಿದ್ದನ್ನು ಸ್ಟೀಮ್‌ಗೆ ತಿಳಿಸಬೇಕು, ಆ ವಿವರ ಆಟದ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಕವರ್‌ಗೆ ಬೇಡ. ಇಂಡೀ ಆಟ ಕೊಳ್ಳುವ ಜನ ಅದನ್ನು ತಕ್ಷಣ ಗುರುತಿಸುತ್ತಾರೆ, ಗುರುತಿಸಿದ ಮೇಲೆ ಆಟದೊಳಗಿನ ನಿಮ್ಮ ಕೈಕೆಲಸದ ಮೇಲೂ ಅನುಮಾನ ಪಡುತ್ತಾರೆ. ಅಡಿಕೆ ತೋಟ ಕೇಳಿದರೆ ತೆಂಗಿನ ತೋಟ ಕೊಟ್ಟಿತ್ತು ಅನ್ನುವುದು ಬೇರೆ ಮಾತು.

ಚಿತ್ರ ಬರೆಯೋಕೆ ಬರಲ್ಲ, ದುಡ್ಡೂ ಇಲ್ಲ. ಏನ್ಮಾಡ್ಲಿ?

ಬರೀ ಅಕ್ಷರದ ಕವರ್ ಮಾಡಿ. ಚಪ್ಪಟೆ ಬಣ್ಣದ ಹಿನ್ನೆಲೆ, ಚೆನ್ನಾಗಿ ತಿದ್ದಿದ ಹೆಸರು, ಆಟದ ಒಂದೇ ಒಂದು ವಸ್ತು. ಚದುರಂಗದಂಥ ಆಟ, ಒಗಟಿನ ಆಟಗಳಿಗೆ ಇದು ಒಪ್ಪುತ್ತದೆ. ಅರೆಬರೆ ಬರೆದ ಮನುಷ್ಯನ ಮುಖಕ್ಕಿಂತ ಇದು ಎಷ್ಟೋ ಪಾಲು ಮೇಲು. ಸ್ಟೀಮ್‌ನಲ್ಲಿ ಒಂದು ಆಟ ಹಾಕಲು 100 ಡಾಲರ್ ಕಟ್ಟಲೇಬೇಕು. ಆ ದುಡ್ಡು ಕೂಡಿಸುವಾಗಲೇ ಕವರ್‌ಗೂ ಒಂದಷ್ಟು ಎತ್ತಿಡಿ.

## ಪುಟ ಹಾಕಿ ಆದ ಮೇಲೆ

ಹೊಸ ಕವರ್ ಕೆಲಸ ಮಾಡ್ತಿದ್ಯಾ ಅಂತ ಹೇಗೆ ಗೊತ್ತಾಗತ್ತೆ?

ಆಟ ಮಾಡುವವರಿಗೆ ಸ್ಟೀಮ್ ಕೊಡುವ ಸ್ಟೀಮ್‌ವರ್ಕ್ಸ್ ತಾಣದಲ್ಲಿ ಟ್ರಾಫಿಕ್ ವರದಿ ಇದೆ. ಕವರ್ ಎಷ್ಟು ಸಲ ಕಂಡಿತು, ಕಂಡವರಲ್ಲಿ ಎಷ್ಟು ಜನ ಪುಟಕ್ಕೆ ಬಂದರು ಅಂತ ಒಂದೊಂದು ಜಾಗಕ್ಕೂ ಬೇರೆ ಬೇರೆ ಲೆಕ್ಕ ಸಿಗುತ್ತದೆ. ಒಟ್ಟು ಶೇಕಡಾ ನೋಡಿ ಹಿಗ್ಗಬೇಡಿ. ನಿಮ್ಮ ಹೆಸರನ್ನೇ ಟೈಪ್ ಮಾಡಿ ಹುಡುಕಿದವನು ಕವರ್ ಹೇಗಿದ್ದರೂ ಕ್ಲಿಕ್ ಮಾಡುತ್ತಾನೆ. ಶಿಫಾರಸಿನ ಸಾಲು, ಟ್ಯಾಗ್ ಪುಟ, ‘ಇಂಥದೇ ಇನ್ನಷ್ಟು’ ಥರದ ಜಾಗ, ಅಂದರೆ ನಿಮ್ಮನ್ನು ಹುಡುಕದವರಿಗೆ ನೀವು ಕಾಣುವ ಜಾಗಗಳ ಲೆಕ್ಕ ನೋಡಿ. ಕವರ್ ಬದಲಿಸುವ ಮೊದಲಿನ ಎರಡು ವಾರ, ನಂತರದ ಎರಡು ವಾರ, ಅದೇ ಜಾಗ. ಹಬ್ಬ, ಸೇಲ್, ಯಾರೋ ಯೂಟ್ಯೂಬರ್ ಆಡಿದ ವಾರ ಸೇರಿಸಿದರೆ ಲೆಕ್ಕ ಕೆಡುತ್ತದೆ.

ಎರಡು ಕವರ್‌ಗಳನ್ನು ಒಟ್ಟಿಗೇ ಓಡಿಸಿ ಹೋಲಿಸುವ ಸೌಲಭ್ಯ ಗೂಗಲ್ ಪ್ಲೇನಲ್ಲಿ ಇದೆ. ಸ್ಟೀಮ್‌ನವರು ಅಂಥದ್ದೊಂದು ಕೊಟ್ಟಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಕ್ಲಿಕ್ ಜಾಸ್ತಿ ಆಯ್ತು, ಆದ್ರೆ ವಿಶ್‌ಲಿಸ್ಟ್ ಏರ್ತಿಲ್ಲ. ಯಾಕೆ?

ಕವರ್ ಒಂದು ಹೇಳುತ್ತಿದೆ, ಪುಟ ಇನ್ನೊಂದು ಹೇಳುತ್ತಿದೆ. ಕವರ್‌ನಲ್ಲಿ ಹಂದಿ, ಟ್ರೇಲರ್‌ನ ಮೊದಲ ಹದಿನೈದು ಸೆಕೆಂಡ್ ಸೂರ್ಯೋದಯ, ಬಂದವನು ವಾಪಸ್. ನಾನು ಕವರ್ ಬದಲಿಸಿದ ಮೇಲೆ ಟ್ರೇಲರ್ ಮರೆತಿದ್ದೆ, ಒಂದು ತಿಂಗಳು ಇದೇ ಆಯಿತು. ಕವರ್‌ನಲ್ಲಿ ತೋರಿಸಿದ್ದು ಟ್ರೇಲರ್‌ನ ಮೊದಲ ಐದು ಸೆಕೆಂಡಿನಲ್ಲಿ ಆಡುವ ರೂಪದಲ್ಲಿ ಬರಲಿ, ಮೊದಲ ಸ್ಕ್ರೀನ್‌ಶಾಟಿನಲ್ಲೂ ಇರಲಿ.

ಒಂದೇ ಜಾತಿಯ ಆಟಗಳ ಕವರ್ ಎಲ್ಲ ಒಂದೇ ಥರ ಇವೆ. ನಾನೂ ಹಾಗೇ ಮಾಡ್ಲಾ, ಬೇರೆ ಥರ ಮಾಡ್ಲಾ?

ನಿಮ್ಮ ಜಾತಿಯ ಮೂವತ್ತು ಆಟಗಳ ಕವರ್ ಒಂದೇ ಹಾಳೆಯಲ್ಲಿ ಜೋಡಿಸಿ. ಎಲ್ಲದರಲ್ಲೂ ಇರುವುದು ಯಾವುದು ಅಂತ ಬರೆಯಿರಿ. ತೋಟದ ಆಟಗಳಾದರೆ ತಿಳಿ ಬಣ್ಣ, ಉರುಟು ಅಕ್ಷರ. ಹೆದರಿಸುವ ಆಟಗಳಾದರೆ ಕತ್ತಲೆ, ಒಂದೇ ಬೆಳಕು. ಇವು ಹೋಟೆಲಿನ ಹೊರಗಿನ ಬೋರ್ಡ್ ಇದ್ದ ಹಾಗೆ. ‘ದರ್ಶಿನಿ’ ಅಂತ ಕಂಡರೆ ನಿಂತು ತಿನ್ನಬೇಕು ಅಂತ ಗೊತ್ತಾಗುತ್ತಲ್ಲ, ಹಾಗೆ. ಇದರಲ್ಲಿ ಮುಕ್ಕಾಲು ಪಾಲು ಉಳಿಸಿಕೊಳ್ಳಿ, ಒಂದನ್ನು ಮಾತ್ರ ಮುರಿಯಿರಿ. ನಾನು ಕತ್ತಲೆ, ಬೆಳಕು ಉಳಿಸಿಕೊಂಡೆ, ಬಂದೂಕಿನ ಜಾಗದಲ್ಲಿ ಬ್ಯಾಟರಿ ಮತ್ತು ಹೆಗಲ ಮೇಲಿನ ಟವೆಲ್ ಇಟ್ಟೆ. ಆ ಟವೆಲ್ ಯಾವ ದೇಶದ್ದು ಅಂತ ಕೇಳಿ ಮೂರು ಜನ ಬರೆದಿದ್ದಾರೆ.

ಇದೇ ಚಿತ್ರ ಮೊಬೈಲ್‌ಗೂ, ಇಚ್ ಡಾಟ್ ಐಓಗೂ ನಡೆಯತ್ತಾ?

ಇಂಡೀ ಆಟಗಳ ಇನ್ನೊಂದು ಅಂಗಡಿ ಇಚ್‌ಗೆ ನಡೆಯುತ್ತದೆ, 630×500ಕ್ಕೆ ಮರುಜೋಡಿಸಿ. ಅಲ್ಲಿ ಕುಣಿಯುವ ಜಿಐಎಫ್ ಕೂಡ ಹಾಕಬಹುದು. ಗೂಗಲ್ ಪ್ಲೇಗೆ 512×512 ಐಕಾನ್ ಬೇಕು, ಅದು ಬೇರೆಯದೇ ಕೆಲಸ. ಅಲ್ಲಿ ಹೆಸರು ಕೆಳಗೆ ಹೇಗೂ ಬರುತ್ತದೆ, ಹಾಗಾಗಿ ಐಕಾನಿನಲ್ಲಿ ಅಕ್ಷರ ಬೇಡ, ಒಂದು ಮುಖ ಅಥವಾ ಒಂದು ವಸ್ತು ಸಾಕು. ಮೂಲೆಗಳನ್ನು ಪ್ಲೇ ತಾನೇ ಉರುಟಾಗಿ ಕತ್ತರಿಸುತ್ತದೆ. 1024×500 ಫೀಚರ್ ಗ್ರಾಫಿಕ್‌ಗೆ ನಿಮ್ಮ ಹೆಡರ್ ಕ್ಯಾಪ್ಸೂಲ್ ಹತ್ತಿರ ಹತ್ತಿರ ಹೊಂದುತ್ತದೆ.

ಬಿಡುಗಡೆ ಆಗಿ ಎರಡು ವರ್ಷ ಆಯ್ತು. ಈಗ ಕವರ್ ಬದಲಿಸಿದ್ರೆ ಏನುಪಯೋಗ?

ಸ್ಟೀಮ್‌ನಲ್ಲಿ ಹಳೇ ಆಟವೂ ಸೇಲ್ ಬಂದಾಗಲೆಲ್ಲ ಹೊಸಬರಿಗೆ ಕಾಣುತ್ತದೆ, ಆದ್ದರಿಂದ ತಡ ಆಯಿತು ಅಂತ ಇಲ್ಲ. ದೊಡ್ಡ ಸೇಲಿಗೆ ಎರಡು ಮೂರು ವಾರ ಮೊದಲು ಬದಲಿಸಿ, ಕೊಂಡವರಿಗೆ ಒಂದು ಸಾಲು ಬರೆದು ತಿಳಿಸಿ, ಇಲ್ಲದಿದ್ದರೆ ಲೈಬ್ರರಿಯಲ್ಲಿ ಆಟ ಕಾಣದೆ ಹುಡುಕಾಡುತ್ತಾರೆ.

ಆಟ ಇನ್ನೂ ಬಿಡುಗಡೆ ಆಗಿಲ್ಲ ಅಂದರೆ ನೆಕ್ಸ್ಟ್ ಫೆಸ್ಟ್, ಅಂದರೆ ಬರಲಿರುವ ಆಟಗಳ ಡೆಮೊ ಆಡಿಸುವ ಸ್ಟೀಮ್‌ನ ಹಬ್ಬ ಗಮನದಲ್ಲಿರಲಿ. ಅದು ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ಬರುತ್ತದೆ, ಒಂದು ಆಟಕ್ಕೆ ಒಂದೇ ಸಲ ಅವಕಾಶ. ನಾನು ಅದನ್ನು ಮಂಜಿನ ತೋಟದ ಕವರ್ ಹಾಕಿಕೊಂಡೇ ಕಳೆದುಕೊಂಡೆ.